ನಾನು ಬರೆಸಿದ ಒಂಬತ್ತು ನೇಕಾರರು

ಆ ಹಳದಿ ಚೀಟಿಗಳನ್ನು ನೆನೆದರೆ ಇವತ್ತಿಗೂ ನಾಚಿಕೆಯಿಂದ ಹಿಡಿಯಾಗುತ್ತೇನೆ. ಒಟ್ಟು ಹನ್ನೆರಡು ಚೀಟಿ. ನಮ್ಮ ಆಫೀಸಿನ ಗೋಡೆಗೆ ಅವನ್ನು ಅಂಟಿಸಿದವಳು ನಾನೇ.

ಚಳ್ಳಕೆರೆಯಲ್ಲಿ ಮುಚ್ಚಿಹೋದ ಒಂದು ಎಣ್ಣೆ ಗಿರಣಿಯ ಮಹಡಿಯೇ ನಮ್ಮ ಆಫೀಸು. ಗಿರಣಿ ನಿಂತು ಎಷ್ಟೋ ವರ್ಷವಾಗಿದ್ದರೂ ಬಿಸಿಲೇರಿದರೆ ಗೋಡೆಗಳಿಂದ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು. ಅಲ್ಲಿ ನಾವು ಮೂರೇ ಜನ: ತಂಡ ನಡೆಸುವ ಮೇಡಂ, ಮಾದರಿ ಕಟ್ಟಿಕೊಡುವ ಬಡಗಿ, ಮತ್ತು ನಾನು. ಕೈಮಗ್ಗದಲ್ಲಿ ಕೂತು ಬೆನ್ನು ಕಳೆದುಕೊಂಡ ನೇಕಾರರಿಗೆ ಒಂದು ಒಳ್ಳೆಯ ಆಸನ ಮಾಡಿಕೊಡುವುದು ನಮ್ಮ ಕೆಲಸ.

ಆಸನದ ನಕ್ಷೆಗೆ ಒಂದು ಗೆರೆ ಎಳೆಯುವ ಮುಂಚೆ ಹನ್ನೆರಡು ಮಂದಿ ನೇಕಾರರ ಮಾತು, ಒಬ್ಬೊಬ್ಬರದು ಒಂದೊಂದು ಚೀಟಿಯಲ್ಲಿ, ಗೋಡೆಯ ಮೇಲಿರಬೇಕು ಅನ್ನುವುದು ಮೇಡಂ ಹಾಕಿದ ನಿಯಮ. ಎಐ ಬಳಸಲು ಅವರ ಅಭ್ಯಂತರವೇನೂ ಇರಲಿಲ್ಲ. ಚೀಟಿಗಳನ್ನು ವಿಂಗಡಿಸಲು, ನಾವು ಮರೆತ ಪ್ರಶ್ನೆಗಳನ್ನು ನೆನಪಿಸಲು ದಿನವೂ ಅದನ್ನು ಕೇಳುತ್ತಿದ್ದೆವು. "ಅದು ನಮ್ಮ ಯೋಚನೆಗೆ ಜೊತೆಯಾಗ್ಲಿ, ನೇಕಾರರ ಬಾಯಿ ಆಗೋದು ಬೇಡ" ಎಂದು ಮಾತ್ರ ಮೊದಲ ದಿನವೇ ಹೇಳಿದ್ದರು. ನಾನು ದೊಡ್ಡದಾಗಿ ತಲೆಯಾಡಿಸಿದ್ದೆ.

ಮಾತು ತರುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮೊಳಕಾಲ್ಮೂರಿನವಳು, ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವಳು. ಬಸ್ಸು ಹತ್ತಿ ಹೋದೆ, ಮೂರು ಮನೆ ಮುಗಿಸಿದೆ. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮೂವರೂ ಹೇಳಿದ್ದು ಒಂದೇ: ಸೊಂಟ ನೋವು. ನಾಲ್ಕನೇ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ನನಗೆ ಬೇಸರ ಬಂದಿತ್ತು. ಮಗ್ಗದ ವಿಷಯ ನನಗೇ ಇವರು ಹೇಳಿಕೊಡಬೇಕೇ ಎಂಬ ಕೊಬ್ಬು. ಪಕ್ಕದ ಬೀದಿಯಲ್ಲೇ ಇದ್ದ ನಮ್ಮ ಮನೆಗೂ ಹೋಗದೆ ಚಳ್ಳಕೆರೆಗೆ ವಾಪಸಾದೆ.

ಮಾರನೆಯ ಬೆಳಿಗ್ಗೆ ಮೇಡಂ ಬರುವ ಮುಂಚೆ ಎಐಗೆ ಆ ಮೂವರ ಮಾತು ಕೊಟ್ಟು, ಇಂಥದೇ ಇನ್ನೂ ಒಂಬತ್ತು ಮಂದಿ ನೇಕಾರರ ಮಾತು ಬರೆದುಕೊಡು ಅಂದೆ. ನಾನು ಟೀ ಕುಡಿದು ಮುಗಿಸುವ ಮೊದಲೇ ಒಂಬತ್ತು ಮಂದಿ ಎದ್ದು ಬಂದರು. ಕೊನೆಯಲ್ಲಿ ಒಂದು ಸಾಲಿತ್ತು: ಇವು ಕಲ್ಪಿತ ಮಾತುಗಳು, ದಯವಿಟ್ಟು ನಿಜವಾದ ನೇಕಾರರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಆ ಸಾಲನ್ನು ನಾನು ಅಳಿಸಿ, ಮಿಕ್ಕದ್ದನ್ನು ಹಳದಿ ಚೀಟಿಗಳಿಗೆ ಇಳಿಸಿ, ನಿಜದ ಮೂರರ ಜೊತೆ ಗೋಡೆಗೆ ಅಂಟಿಸಿದೆ. ಯಂತ್ರ ನನಗೆ ಸುಳ್ಳು ಹೇಳಲಿಲ್ಲ, ಸುಳ್ಳು ಹೇಳಿದವಳು ನಾನು.

ಮೇಡಂಗೆ ಒಂದು ಚೀಟಿ ವಿಪರೀತ ಹಿಡಿಸಿತು. "ಮಗ್ಗದ ಮುಂದೆ ಕೂತರೆ ನಾನು ಒಬ್ಬಂಟಿ, ನನ್ನ ಬೆನ್ನೇ ನನಗೆ ಜೊತೆ" ಎಂದಿತ್ತು ಅದರಲ್ಲಿ. ಅವರು ಅದನ್ನು ಗಟ್ಟಿಯಾಗಿ ಓದಿ, ತೆಗೆದು ಗೋಡೆಯ ನಡುವೆ ಅಂಟಿಸಿದರು. "ಎಂಥ ಮಾತು ತಂದಿದೀಯಾ" ಎಂದು ನನ್ನ ಬೆನ್ನು ತಟ್ಟಿದರು. ನಾನು ನಕ್ಕೆ. ಆ ಹೊಗಳಿಕೆ ನನಗೆ ರುಚಿಸಿತ್ತು ಕೂಡ.

ಬಡಗಿ ಚೀಟಿಯನ್ನೇ ನೋಡುತ್ತಾ ಅಂದ: "ಒಬ್ಬಂಟಿ ಮನುಷ್ಯ ಅಂದ್ಮ್ಯಾಲೆ ಮೇಡಮ್ಮಾರೆ, ಗುಂಡಿಯಿಂದ ಮ್ಯಾಲೇಳಾಕೆ ಎರಡೂ ಕಡೆ ಕೈ ಊರಾಕೆ ಏನಾದ್ರೂ ಬೇಕಲ್ರಿ." ನಮ್ಮ ಕಡೆ ಮಗ್ಗದ ಮುಂದೆ ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುತ್ತಾರೆ. ಹಾಗಾಗಿ ಬೆನ್ನಿಗೆ ಒರಗು, ಎಡಕ್ಕೂ ಬಲಕ್ಕೂ ಕೈ ಊರುವ ಅಗಲವಾದ ಹಲಗೆ ಇಟ್ಟು ಆಸನ ತಯಾರಾಯಿತು. ಅವನ ಕೆಲಸ ಬಲು ಅಚ್ಚುಕಟ್ಟು. ಮೊದಲು ಎಲ್ಲಿ ಕೂಡಿಸಿ ನೋಡೋಣ ಎಂಬ ಪ್ರಶ್ನೆ ಬಂದಾಗ, ನನ್ನ ಕಡೆ ನೋಡಿ "ನಿಮ್ಮ ಮನೆ ಐತಲ್ಲ" ಅಂದವನೂ ಅವನೇ.

ಗೂಡ್ಸ್ ಆಟೋದಲ್ಲಿ ಆಸನ ಹೇರಿಕೊಂಡು ಮೂವರೂ ಹೋದೆವು. ಅಪ್ಪ ಗುಂಡಿಗೆ ಕಾಲಿಳಿಸಿ ಕೂತು, ಒರಗಿ, "ಸುಖ ಐತೆ" ಅಂದ. ಮೇಡಂ ಮುಖ ಅರಳಿತು. ಆದರೆ ಅಪ್ಪ ನೇಯಲು ಶುರು ಮಾಡಲಿಲ್ಲ, ಅಡುಗೆಮನೆ ಕಡೆ ನೋಡುತ್ತಾ ಕಾಯುತ್ತಿದ್ದ. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ತನ್ನ ಜಾಗಕ್ಕೆ ಹೋಗಿ, ನಿಂತುಬಿಟ್ಟಳು.

ಮೊಳಕಾಲ್ಮೂರಿನ ಸೀರೆಗೆ ಒಡಲಿನ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ. ಅದಕ್ಕೆ ಅಡ್ಡನೂಲು ಹಾಯಿಸುವ ಲಾಳಿ ಮೂರು ಬೇಕು, ಇಬ್ಬರು ಬೇಕು. ಅಪ್ಪನ ಬಲಮೊಣಕೈಗೆ ತಾಗುವಷ್ಟು ಹತ್ತಿರ, ಮಡಚಿದ ಗೋಣಿಚೀಲದ ಮೇಲೆ ಕೂತು ಅವ್ವ ಆ ಮೂರನೇ ಲಾಳಿ ಕೊಡುತ್ತಾಳೆ. ನನಗೆ ಬುದ್ಧಿ ತಿಳಿದಾಗಿನಿಂದ ಅವಳು ಕೂತದ್ದು ಅಲ್ಲೇ. ಈಗ ಅಲ್ಲಿ ನಮ್ಮ ಬಲಗಡೆಯ ಹಲಗೆ ಇತ್ತು.

"ಆಸನ ಚೆನ್ನಾಗೈತವ್ವ," ಅಪ್ಪ ನನಗೆ ಹೇಳಿದ. "ನಿಮ್ಮವ್ವ ಎಲ್ಲಿ ಕೂತ್ಕಬೇಕು?"

ನಾನು ಹೋಗಿದ್ದ ಮೂರು ಮನೆಗಳಲ್ಲೂ ಹೆಂಗಸರು ಅದೇ ಜಾಗದಲ್ಲಿ ಕೂತಿದ್ದರು. ಅವರು ಎದ್ದು ಹೋಗಿ ಮಾಡಿ ತಂದ ಟೀ ಕುಡಿದು, ಗಂಡಂದಿರ ಮಾತು ಮಾತ್ರ ಬರೆದುಕೊಂಡು ಬಂದಿದ್ದೆ. ಒಬ್ಬಂಟಿ ಅನ್ನುವ ಮಾತು ಓದಿದಾಗಲೂ ನನಗೆ ಏನೂ ಅನ್ನಿಸಿರಲಿಲ್ಲ. ಎಐ ನಮ್ಮ ಮನೆಯ ಮಗ್ಗ ನೋಡಿಲ್ಲ, ನಾನು ನೋಡಿದ್ದೆ.

"ಇರ್ಲಿ ಬಿಡ್ರಿ, ನಿಂತ್ಕಂಡೇ ಕೊಡ್ತೀನಿ," ಎಂದು ಅವ್ವ ಹಲಗೆಯ ಮೇಲಿಂದ ಬಗ್ಗಿ ಲಾಳಿಗೆ ಕೈ ಚಾಚಿದಳು. "ನಮ್ಮ ಹುಡುಗಿ ಮಾಡಿರೋದು."

ಮೇಡಂ ನನ್ನ ಕಡೆ ತಿರುಗಿದರು. "ಹನ್ನೆರಡು ಜನರಲ್ಲಿ ಒಬ್ಬರೂ ಇದನ್ನ ಹೇಳ್ಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು: "ಅವಳು ಕೇಳಿದ್ಲು ಕಣ್ರಿ ಮೇಡಮ್ಮಾರೆ. ನಾನೇ ಹೇಳೋದು ಮರ್ತೆ."

ಜೀವಮಾನದಲ್ಲಿ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ನಾನು ಮಾಡಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ, ಮಗಳು ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾಳೆ ಅಂತಷ್ಟೇ ಗೊತ್ತಾಗಿತ್ತು. "ನಾನು ಕೇಳಲಿಲ್ಲ ಮೇಡಂ," ಅಂದೆ. "ಮೂರೇ ಮನೆಗೆ ಹೋಗಿದ್ದು. ಮಿಕ್ಕ ಒಂಬತ್ತು ಎಐ ಹತ್ರ ಬರೆಸಿದೆ."

"ಒಬ್ಬಂಟಿ ಅಂದವನು?"

"ಅಂಥವನು ಯಾರೂ ಇಲ್ಲ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬಡಗಿ ಗರಗಸ ತೆಗೆದು, ತಾನೇ ನುಣುಪು ಮಾಡಿದ್ದ ಬಲಗಡೆಯ ಹಲಗೆಯನ್ನು ಕೊಯ್ಯಲು ಕೂತ. ಮೇಡಂ ಚೀಲದಿಂದ ಖಾಲಿ ಚೀಟಿಗಳ ಕಟ್ಟು ತೆಗೆದು ನನ್ನ ಕೈಗಿಟ್ಟು, "ಮೊದಲಿಂದ ಶುರು ಮಾಡು" ಅಂದರು.

ನಾನು ಅವ್ವನ ಗೋಣಿಚೀಲದ ಪಕ್ಕ ನೆಲದ ಮೇಲೆ ಕೂತೆ. "ಅವ್ವ, ದಿನಾ ಇಲ್ಲಿ ಕೂತು ನಿಂಗೆ ಎಲ್ಲಿ ನೋಯ್ತೈತೆ?"

"ನಂದೇನು ಕೇಳ್ತೀಯವ್ವ," ಅಂದಳು. "ಅಷ್ಟು ಜನರದ್ದು ನೀನೇ ಬರೆಸಿದೀಯಲ್ಲ, ನಂದೂ ಹಂಗೇ ಬರೆಸ್ಕ."

ಅದು ಚುಚ್ಚುಮಾತಲ್ಲ. ನನ್ನ ಕೆಲಸ ಸುಲಭವಾಗಲಿ ಎಂದೇ ಅವಳು ಹೇಳಿದ್ದು.