ಕರ್ನಲ್ ಆಂಟಿಯ ಕಿವಿ

ಕರ್ನಲ್ ಆಂಟಿ ಯಾರನ್ನೇ ಕಂಡರೂ ಮೊದಲು ಪಾದ ನೋಡುತ್ತಿದ್ದರು, ಆಮೇಲೆ ಮುಖ. ಸೈನ್ಯದಲ್ಲಿ ಡಾಕ್ಟರಾಗಿ, ಭರ್ತಿಗೆ ಬಂದವರ ದೇಹ ಪರೀಕ್ಷೆ ಮಾಡುತ್ತಲೇ ನಿವೃತ್ತರಾದವರು. ಪೀತಮ್‌ಪುರದಲ್ಲಿ ನಮ್ಮ ಮೇಲಿನ ಮನೆ ಅವರದು. ತರಕಾರಿಯವನಿಗೂ "ಭಯ್ಯಾ, ನಿನ್ನದು ಚಪ್ಪಟೆ ಪಾದ, ಫೌಜಿಗೆ ಬರದೆ ಬಚಾವಾದೆ" ಎಂದು ಹಿಂದಿಯಲ್ಲಿ ಹೇಳಿ ಟೊಮೆಟೊ ಆರಿಸುತ್ತಿದ್ದರು. ನಗುತ್ತಿರಲಿಲ್ಲ.

ನಾನು ಸೇನಾಧಿಕಾರಿ ಹುದ್ದೆಯ ಸಂದರ್ಶನ ಗೆದ್ದು ಬಂದಿದ್ದೆ. ಉಳಿದದ್ದು ವೈದ್ಯಕೀಯ ಪರೀಕ್ಷೆ ಮಾತ್ರ. ಅದಕ್ಕೆ ಮೊದಲು ಒಮ್ಮೆ ನೋಡಿ ಎಂದು ಅಪ್ಪ ನನ್ನನ್ನು ಅವರ ಮನೆಗೆ ಕರೆದೊಯ್ದರು. ಆಂಟಿ ನನ್ನನ್ನು ಕುಕ್ಕರಗಾಲಲ್ಲಿ ಹಾಲ್ ತುಂಬ ನಡೆಸಿದರು. ಬಣ್ಣದ ಚುಕ್ಕೆಗಳಲ್ಲಿ ಅಡಗಿದ ಅಂಕಿ ಓದಿಸಿದರು. ಎಲ್ಲಕ್ಕೂ "ಅಚ್ಛಾ" ಎಂದರು. ಕೊನೆಗೆ ಎದೆಗೆ ಸ್ಟೆತೊಸ್ಕೋಪ್ ಇಟ್ಟರು.

"ಕೂಲರ್ ಆಫ್ ಮಾಡಿ."

ಅಪ್ಪ ಆಫ್ ಮಾಡಿದರು. ಅದರ ಗದ್ದಲ ನಿಂತು ಸೆಕೆ ಮುತ್ತಿಕೊಂಡಿತು.

"ಉಸಿರು ತಗೋ. ಬಿಡು. ಇನ್ನೊಂದ್ಸಲ."

ಅವರ ಮುಖ ನನ್ನ ಭುಜದ ಬಳಿಯೇ ಇತ್ತು. ಕಣ್ಣು ಮುಚ್ಚಿದ್ದರು.

"ಹೃದಯದ ಸ್ಕ್ಯಾನಿಂಗ್ ಮಾಡಿಸು. ನಾಳೆನೇ."

"ಎಲ್ಲ ಮುಗೀಲಿ ಆಂಟಿ, ಆಮೇಲೆ ಮಾಡಿಸ್ತೀನಿ."

ಅಪ್ಪ ಗಂಟಲು ಸರಿಮಾಡಿಕೊಂಡರು. "ಮೇಡಂ, ಅಲ್ಲಿರೋರು ನಿಮ್ಮ ಜೂನಿಯರ್‌ಗಳೇ ಅಲ್ವಾ? ಒಂದು ಮಾತು ಹೇಳಿದ್ರೆ..."

"ಹೇಳ್ತೀನಿ," ಎಂದರು ಆಂಟಿ. "ಕೂಲರ್ ಆಫ್ ಮಾಡಿ ಕೇಳಿ ಅಂತ ಹೇಳ್ತೀನಿ."

ನಾವು ಎದ್ದು ಬಂದೆವು. ಸ್ಕ್ಯಾನಿಂಗ್ ಮಾಡಿಸಲಿಲ್ಲ.

ಕಂಟೋನ್ಮೆಂಟಿನ ಆಸ್ಪತ್ರೆಯಲ್ಲಿ ಕಣ್ಣು, ಕಿವಿ, ಮೂಳೆ ಎಲ್ಲ ದಾಟಿದೆ. ಕೊನೆಯ ಕೋಣೆಯ ಯುವ ಮೇಜರ್ ನನ್ನ ಎದೆಗೆ ಕಿವಿಗೊಟ್ಟು, ಎರಡನೆಯ ಬಾರಿ ಕೇಳಿದಾಗಲೇ ನನಗೆ ತಿಳಿದುಹೋಯಿತು. ಅನ್‌ಫಿಟ್.

ಗೇಟಿನ ಹೊರಗೆ, ಉರಿಬಿಸಿಲಲ್ಲಿ, ಸೆರಗು ತಲೆಗೆ ಹೊದ್ದು ಕರ್ನಲ್ ಆಂಟಿ ನಿಂತಿದ್ದರು.

"ನೀವೇ ಫೋನ್ ಮಾಡಿದ್ರಾ?" ನನ್ನ ಕೂಗಿಗೆ ಕಾವಲಿನ ಜವಾನ ತಿರುಗಿ ನೋಡಿದ.

"ಇಲ್ಲ. ಅವರ ಕಿವಿನೂ ಚೆನ್ನಾಗಿದೆ." ಆಟೋದ ಕಡೆ ಕೈ ತೋರಿಸಿದರು. "ಚಲೋ, ಈಗಲಾದ್ರೂ ಸ್ಕ್ಯಾನಿಂಗಿಗೆ ಹೋಗೋಣ."

ದಾರಿಯುದ್ದಕ್ಕೂ ನಾನು ಅಳುತ್ತಿದ್ದೆ. ಅವರು ಸಮಾಧಾನ ಹೇಳಲಿಲ್ಲ, ಕೈಯನ್ನೂ ಬಿಡಲಿಲ್ಲ. ನನ್ನ ಹೃದಯದ ಗೋಡೆಯಲ್ಲಿ ಹುಟ್ಟಿನಿಂದಲೇ ಒಂದು ರಂಧ್ರವಿತ್ತು. ಅದನ್ನು ಮುಚ್ಚಿದ ಆಪರೇಷನ್ ದಿನ ಥಿಯೇಟರಿನ ಹೊರಗೆ ಅಪ್ಪನ ಪಕ್ಕ ಕೂತವರು ನನಗೆ ಎಚ್ಚರವಾಗುವ ತನಕ ಏಳಲಿಲ್ಲವಂತೆ.

ಅವರನ್ನು ಕೊನೆಯ ಸಲ ಕಂಡದ್ದು ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ. ಪುಣೆಯ ತಮ್ಮನ ಮನೆಗೆ ಹೊರಟಿದ್ದರು. ಮರುವರ್ಷ ಅಲ್ಲಿಯೇ ತೀರಿಕೊಂಡರು. ಅವರನ್ನು ಬೀಳ್ಕೊಡಲು ಸ್ಟೇಷನ್ನಿಗೆ ಹೋದ ಆ ದಿನಕ್ಕಾಗಲೇ ನಾನು ನೋಯ್ಡಾದಲ್ಲಿ ಕೆಲಸಕ್ಕೆ ಸೇರಿದ್ದೆ. ಆದರೂ ಸೈನ್ಯದ ಆಸೆ ಪೂರ್ತಿ ಸತ್ತಿರಲಿಲ್ಲ.

"ಈಗ ನೀವೇ ಮೆಡಿಕಲ್ ಬೋರ್ಡಿನಲ್ಲಿದ್ದಿದ್ರೆ ನನ್ನ ಪಾಸ್ ಮಾಡ್ತಿದ್ರಾ ಆಂಟಿ?"

"ಇಲ್ಲ," ಎಂದರು, ಒಂದು ಕ್ಷಣವೂ ಯೋಚಿಸದೆ.

ರೈಲು ಕದಲಿತು. ಬೋಗಿಯ ಜೊತೆ ಹೆಜ್ಜೆ ಹಾಕುತ್ತಿದ್ದ ನಾನು ಓಡತೊಡಗಿದೆ. ಬಾಗಿಲಲ್ಲಿ ನಿಂತಿದ್ದ ಆಂಟಿ ನಿಲ್ಲು ಎನ್ನಲಿಲ್ಲ. ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ಓಡಲು ಬಿಟ್ಟರು.