ಐದನೆಯ ನುಡಿ

ಈ ವರ್ಷ ನಾನು ಕೇಳಿದ ಸಂಗೀತ ಕಾರ್ಯಕ್ರಮಗಳಲ್ಲಿ ಮನಸ್ಸಿನಲ್ಲಿ ಉಳಿದವು ಮೂರು. ಆಳಂದದಲ್ಲೊಂದು, ಅಫಜಲಪುರದಲ್ಲೊಂದು, ಜೇವರ್ಗಿಯಲ್ಲೊಂದು. ಮೂರರಲ್ಲೂ ಹಾಡಿದವರು ಒಬ್ಬರೇ, ಸರಸಂಬಾದ ಕಡೆಯ ಒಬ್ಬ ತತ್ವಪದದ ಅಕ್ಕ. ಮೂರರಲ್ಲೂ ಹಾಡಿಗಿಂತ ಶಾಲು ಹೆಚ್ಚು. ನಮ್ಮ ಕಡೆ ಸಂಗೀತ ಕಾರ್ಯಕ್ರಮವೆಂದರೆ, ಸನ್ಮಾನಗಳ ನಡುವೆ ಜನ ಎದ್ದು ಹೋಗದಿರಲೆಂದು ಮಾಡಿಕೊಂಡ ಒಂದು ಏರ್ಪಾಡು.

ಅಕ್ಕ ನನಗೆ ಪರಿಚಯವಾದದ್ದು ಆಳಂದದ ನನ್ನ ಔಷಧಿ ಅಂಗಡಿಯಲ್ಲಿ. ಗಂಟಲಿನ ಗುಳಿಗೆಗೆ ಬರುತ್ತಿದ್ದರು. ವರ್ಷದ ಮೊದಲಿಗೇ ಹೇಳಿದ್ದರು, "ಡಾಕ್ಟರ್ ಸಾಕಂದಾರ್ರಿ. ಈ ವರ್ಷ ಹಾಡ್ತೇನಿ, ಮುಂದ ಆಗಂಗಿಲ್ಲ." ಗಂಟಲು ಕೈಕೊಡುವ ಮೊದಲು, ಗುರು ಕಲಿಸಿದ ಒಂದು ಪದವನ್ನು ಜನರೆದುರು ಪೂರ್ತಿ ಹಾಡಬೇಕೆಂಬುದು ಅವರ ಆಸೆ. ಐದು ನುಡಿಯ ಪದ. ಕೊನೆಯ ನುಡಿ ಕೇಳದಿದ್ದರೆ ಮೊದಲಿನ ನಾಲ್ಕೂ ಸುಳ್ಳು ಎಂದಿದ್ದರಂತೆ ಗುರು. ನನಗೆ ತಡೆಯಲಾಗಲಿಲ್ಲ. ಆ ಒಂದು ನುಡಿ ಇಲ್ಲೇ ಹೇಳಿಬಿಡ್ರಿ ಎಂದೆ.

"ಗುಳಿಗಿ ಕೊಟ್ಟಂಗ ಕೌಂಟರ್ ಮ್ಯಾಲ ಇಡೋದಲ್ರಿ ಅದು," ಎಂದರು. "ನಾಕು ನುಡಿ ದಾಟಿ ಬರಬೇಕು. ಬರ್ರಿ, ಕೂತು ಕೇಳ್ರಿ."

ಆಳಂದದಲ್ಲಿ ಎರಡನೆಯ ನುಡಿಗೆ ಒಬ್ಬ ನಾಯಕರು ಬಂದರು. ಸಂಘಟಕ ಅಕ್ಕನ ಬಾಯಿಯ ಮುಂದಿನ ಮೈಕನ್ನೇ ಕಿತ್ತುಕೊಂಡು, "ಒಂದ್ ನಿಮಿಷ ನಿಂದರ್ರಿ ಅಕ್ಕಾರ, ಸಾಹೇಬ್ರು ಬಂದಾರ," ಎಂದ. ಸಾಹೇಬರಿಗೆ ಶಾಲು, ಅವರ ಹಿಂದೆ ಬಂದವರಿಗೆ ಶಾಲು, ಹಿಂದೆ ಬಂದವರ ಬೀಗರಿಗೆ ಶಾಲು. ಆಮೇಲೆ ಸಾಹೇಬರು ಜಾನಪದವನ್ನು ಉಳಿಸುವುದು ಹೇಗೆಂದು ಮಾತಾಡಿದರು. ಮಾತು ಮುಗಿಯುವಷ್ಟರಲ್ಲಿ ಜಾನಪದಕ್ಕೆ ಸಮಯ ಉಳಿದಿರಲಿಲ್ಲ.

ಅಫಜಲಪುರದಲ್ಲಿ ಗಣ್ಯರೆಲ್ಲ ಮೊದಲೇ ಬಂದು ಹೊದ್ದುಕೊಂಡು ಕೂತಿದ್ದರು. ಇನ್ನು ಭಯವಿಲ್ಲ ಎಂದುಕೊಂಡೆ. ಆದರೆ ಕೆಲವು ಶಾಲು ಉಳಿದಿದ್ದವು. ಉಳಿದ ಶಾಲನ್ನು ಮನೆಗೆ ಒಯ್ಯುವುದು ನಮ್ಮಲ್ಲಿ ಮರ್ಯಾದೆಯಲ್ಲ. ಮೂರನೆಯ ನುಡಿಯ ನಡುವೆ ಅಕ್ಕನನ್ನು ನಿಲ್ಲಿಸಿ ಪೆಂಡಾಲಿನವನನ್ನು ಕರೆದರು, ಕುರ್ಚಿಯವನನ್ನು ಕರೆದರು, ಕೊನೆಗೆ ಜನರೇಟರಿನವನನ್ನೂ ಕರೆದರು. ಅವನು ಮೇಲೆ ಹಾರಕ್ಕೆ ಕೊರಳೊಡ್ಡಿ ನಿಂತಿದ್ದಾಗ ಕೆಳಗೆ ಜನರೇಟರ್ ಕೆಟ್ಟು ನಿಂತಿತು. ಚಪ್ಪಾಳೆ ಮಾತ್ರ ಮೈಕಿಲ್ಲದೆಯೂ ಚೆನ್ನಾಗಿ ಕೇಳಿಸಿತು.

ನನ್ನ ಪಿತ್ತ ನೆತ್ತಿಗೇರಿತು. ಮುಂದೆ ಕೆಲವು ವಾರ, ಜ್ವರದ ಗುಳಿಗೆ ಕೇಳಿ ಬಂದವರಿಗೂ ಈ ಶಾಲುಗೇಡಿಗಳ ಕತೆ ಹೇಳಿದೆ. ಹಾಡಿನ ನಡುವೆ ವೇದಿಕೆ ಹತ್ತುವವನಿಗೆ ನಾಚಿಕೆಯಿಲ್ಲವೇ ಎಂದು ಕೇಳಿದೆ. ಜ್ವರದವರು ಪಾಪ, ಇಲ್ಲ ಎಂದು ತಲೆಯಾಡಿಸಿ ಹೋದರು.

ಜೇವರ್ಗಿಯದು ಬೆಳಗಿನ ಕಾರ್ಯಕ್ರಮ. ಯಾರದೋ ದೊಡ್ಡವರ ಮನೆಯ ಮದುವೆಗೆ ನಾಯಕರೆಲ್ಲ ಹೋಗಿದ್ದರು. ಅಕ್ಕ ಏಕತಾರಿ ಎತ್ತಿಕೊಂಡರು. ಒಂದು, ಎರಡು, ಮೂರು. ದನಿ ಅಲ್ಲಲ್ಲಿ ಒಡೆಯುತ್ತಿತ್ತು, ಒಡೆದ ಕಡೆಯೇ ಮಾತು ಹೆಚ್ಚು ನಾಟುತ್ತಿತ್ತು. ನಾಲ್ಕನೆಯದು ಮುಗಿದಾಗ ನನ್ನ ಕಣ್ಣು ತುಂಬಿತ್ತು. ಅಕ್ಕ ನನ್ನ ಕಡೆ ನೋಡಿ, ಒಂದು ಗುಟುಕು ನೀರು ಕುಡಿದು, ಐದನೆಯದಕ್ಕೆ ಉಸಿರು ತೆಗೆದುಕೊಂಡರು.

ಅಷ್ಟರಲ್ಲಿ ಇನ್ನೊಂದು ಮೈಕಿನಲ್ಲಿ ನನ್ನ ಹೆಸರು ಕೇಳಿಸಿತು. "ಅಂಗಡಿ ಮುಚ್ಚಿ ದೂರದ ಆಳಂದದಿಂದ ಬಂದ ಸಂಗೀತ ಪ್ರೇಮಿಗಳು ವೇದಿಕೆಗೆ ಬರಬೇಕ್ರಿ!"

ನಾನು ಏಳಲಿಲ್ಲ ಎಂದು ಬರೆಯಲು ತುಂಬ ಆಸೆ. ಒಂದು ಕೈ ಅಡ್ಡ ಆಡಿಸಿದ್ದರೆ ಸಾಕಿತ್ತು. ಆ ಕೈಯಿಂದ ನಾನು ಕಾಲರ್ ಸರಿಮಾಡಿಕೊಂಡೆ. ಮೆಟ್ಟಿಲು ಹತ್ತಿದೆ, ಕೊರಳು ಬಗ್ಗಿಸಿದೆ, ಹೆಗಲ ಮೇಲೆ ಶಾಲು ನೆಟ್ಟಗೆ ಕೂರಲೆಂದು ಚೂರು ಅಲುಗದೆ ನಿಂತೆ. ಫೋಟೋದವನು ಇನ್ನೊಮ್ಮೆ ಅಂದಾಗ ಇನ್ನೊಮ್ಮೆ ನಕ್ಕೆ.

ತಿರುಗಿ ನೋಡಿದರೆ ಅಕ್ಕ ಏಕತಾರಿಗೆ ಬಟ್ಟೆ ಸುತ್ತುತ್ತಿದ್ದರು.

"ಅಕ್ಕಾರ, ಐದನೇ ನುಡಿ?" ಎಂದೆ.

ಅವರಿಗೆ ಸಿಟ್ಟಿರಲಿಲ್ಲ. ಬಟ್ಟೆಯ ಗಂಟು ಬಿಗಿ ಮಾಡಿ ನನ್ನನ್ನು ನೋಡಿದರು.

"ಕೇಳಾಕ ಕೂತವರು ನೀವೊಬ್ಬರೇ ಇದ್ರಿ. ನೀವೇ ಎದ್ದು ಬಂದ್ರಿ. ಇನ್ನ ಯಾರಿಗಿ ಹಾಡ್ಲಿ?"