ಗಂಡನ ಪಾಲಿನ ಗುಳಿಗೆ

ಅಥವಾ ಅವಳು ನಗಲೇ ಇಲ್ಲವೋ ಏನೋ. ನನ್ನ ನೆನಪಿನಲ್ಲಿ ಮಾತ್ರ ಮಂಜುಳಾ ನಗುತ್ತಲೇ ಆ ಮಾತು ಹೇಳುತ್ತಾಳೆ: 'ಅವರ ಪಾಲಿನ ಗುಳಿಗೀನೂ ನಾನಾ ನುಂಗಿಬಿಟ್ಟೆ ಅಕ್ಕಾ.'

ಅಂಥ ಮಾತನ್ನು ಯಾರಾದರೂ ನಗುತ್ತಾ ಹೇಳುತ್ತಾರೆಯೇ? ಕೇಳಿ ತಡೆದುಕೊಳ್ಳಲಾಗದೆ ಆಮೇಲೆ ನಾನೇ ಅವಳ ಮುಖಕ್ಕೆ ನಗು ಅಂಟಿಸಿರಬಹುದು. ನನ್ನ ನೆನಪು ಹೀಗೆ ಅಂಟಿಸುವ ಕೆಲಸದಲ್ಲಿ ಪಳಗಿದೆ. ಆದ್ದರಿಂದ ನಗುವನ್ನು ನಂಬಬೇಡಿ. ಗುಳಿಗೆಯನ್ನು ನಂಬಿ.

ಮಂಜುಳಾ ನನ್ನ ಬ್ಲೌಸ್ ಹೊಲಿಯುವವಳು. ಹೆಸರು ಬದಲಿಸಿದ್ದೇನೆ. ಊರು ಕೊಟ್ಟೂರೋ ಹಡಗಲಿಯೋ ಕೂಡ್ಲಿಗಿಯೋ, ನಿಮಗೆ ಬೇಕಾದ್ದನ್ನು ಇಟ್ಟುಕೊಳ್ಳಿ. ('ಬರೀರಿ, ಆದ್ರ ಗುರುತು ಹತ್ತಬಾರ್ದು ನೋಡ್ರಿ ಮತ್ತ' ಎಂದು ಅಪ್ಪಣೆ ಕೊಟ್ಟವಳು ಅವಳೇ.) ಮದುವೆಯಾಗಿ ನಾಲ್ಕು ವರ್ಷ. ಮಗು ಬೇಕು ಎಂಬ ಆಸೆ ಅವಳದು. ಯಾಕೆ ಇನ್ನೂ ಆಗಿಲ್ಲ ಎಂಬ ಪ್ರಶ್ನೆ ಇಡೀ ಓಣಿಯದು.

ಅವಳಿಗೆ ಬಹಳ ದಿನದಿಂದ ಕೆಳಗೆ ಉರಿ, ಕಿಬ್ಬೊಟ್ಟೆಯಲ್ಲಿ ನೋವು, ಕೆಟ್ಟ ವಾಸನೆಯ ಬಿಳಿ ಸೆರಗು. ಅತ್ತೆ ಒಂದೇ ಪದದಲ್ಲಿ ಕೇಸು ಮುಗಿಸಿದರು: 'ಉಷ್ಣ.' ಜೀರಿಗೆ ನೀರು ಕುಡಿಸಿದರು. ನೆತ್ತಿಗೆ ಹರಳೆಣ್ಣೆ ತಟ್ಟಿದರು. ನಮ್ಮ ಕಡೆ ಹೊಕ್ಕುಳ ಕೆಳಗಿನದ್ದೆಲ್ಲ ಉಷ್ಣವೇ ತಾನೆ? ಬಿಸಿಲಿನ ಊರಲ್ಲಿ ಬದುಕುವುದಕ್ಕೆ ಇದೊಂದು ಅನುಕೂಲ. ಯಾವ ರೋಗವನ್ನೂ ಸೂರ್ಯನ ತಲೆಗೆ ಕಟ್ಟಬಹುದು.

ಆಮೇಲೆ ಶುರುವಾಯಿತು ತೊಳೆಯುವ ಶಿಕ್ಷೆ. ಗಾಯ ತೊಳೆಯುವ ಔಷಧಿಯನ್ನು ಬಿಸಿನೀರಿಗೆ ಸುರಿದು, ದಿನಕ್ಕೆ ಮೂರು ಸಲ, ಒಳಗೂ ಹೊರಗೂ. ಚರ್ಮ ಸುಲಿದು ಮಿಷನ್ ಮುಂದೆ ಕೂರಲಿಕ್ಕೂ ಆಗಲಿಲ್ಲ. ನನ್ನ ಬ್ಲೌಸ್ ತಡವಾಯಿತು. ನಾನು ಜಗಳಕ್ಕೆ ಹೋದೆ. ಹೀಗೆ ನನಗೆ ವಿಷಯ ತಿಳಿಯಿತು. ನನ್ನ ಬ್ಲೌಸ್ ಸಮಯಕ್ಕೆ ಸರಿಯಾಗಿ ಬಂದಿದ್ದರೆ ತಿಳಿಯುತ್ತಲೇ ಇರಲಿಲ್ಲ!

ಇಂಥ ಕಾಯಿಲೆಯನ್ನು ಯಾರೂ ತಮ್ಮೂರಲ್ಲಿ ತೋರಿಸುವುದಿಲ್ಲ. ಕೊಟ್ಟೂರಿನವರು ಹರಪನಹಳ್ಳಿಗೆ ಹೋಗುತ್ತಾರೆ. ಹರಪನಹಳ್ಳಿಯವರು ಹಡಗಲಿಗೆ. ಹಡಗಲಿಯವರು ಹಗರಿಬೊಮ್ಮನಹಳ್ಳಿಗೆ. ನಾವೂ ಬಸ್ಸು ಹತ್ತಿದೆವು. ಪರಿಚಯದ ಹೆಂಗಸೊಬ್ಬರು ಪಕ್ಕದ ಸೀಟಿನಲ್ಲಿ ಸಿಕ್ಕರು.

'ಎಲ್ಲಿಗ್ರೀ ಸವಾರಿ?'

'ಹಲ್ಲು ತೋರ್ಸಾಕ' ಎಂದೆ.

'ಅಯ್ಯ, ನಂದೂ ಹಲ್ಲಾ!'

ಅರ್ಧ ಗಂಟೆಯ ನಂತರ ಅದೇ ಹೆಂಗಸು ಹೆರಿಗೆ ಡಾಕ್ಟರ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲೇ ಕೂತಿದ್ದರು. ಯಾರೂ ಯಾರನ್ನೂ ನೋಡಲಿಲ್ಲ. ಎಷ್ಟು ಹಲ್ಲುನೋವಿನ ಜಿಲ್ಲೆ ನಮ್ಮದು!

ಡಾಕ್ಟರಮ್ಮ ಪರೀಕ್ಷೆ ಮಾಡಿದವರೇ ರೇಗಿದರು. 'ಒಳಗ ತೊಳೀ ಅಂತ ಯಾರು ಹೇಳ್ಯಾರವ್ವ ನಿನಗ? ಅದೇನು ತಿಕ್ಕಿ ಬೋರಲು ಹಾಕೋ ಪಾತ್ರಿ ಅಂದ್ಕಂಡೀಯೇನು? ಒಳಗಿಂದು ತನ್ನನ್ನ ತಾನಾ ನೋಡ್ಕೊಳ್ತತಿ. ಹೊರಗ ಬರೇ ನೀರು ಸಾಕು.' ದ್ರವ ಮತ್ತು ರಕ್ತವನ್ನು ಪರೀಕ್ಷೆಗೆ ಕಳಿಸಿದರು. ಸಂಜೆಯ ಹೊತ್ತಿಗೆ ಸ್ಪಷ್ಟವಾಗಿಯೇ ಹೇಳಿದರು: ಇದು ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು.

ಮಂಜುಳಾ ನಂಬಲಿಲ್ಲ. 'ನಮ್ಮನಿಯವರು ಭಾಳ ಸ್ವಚ್ಛ ಅದಾರ್ರಿ ಮೇಡಂ. ದಿನಾ ಎರಡ್ ಹೊತ್ತು ಜಳಕ ಮಾಡ್ತಾರ. ಅಂಗಿ ಮ್ಯಾಲ ಒಂದು ಕಲಿ ಇರಂಗಿಲ್ಲ.'

'ಜಳಕಕ್ಕ ಹೋಗೋ ರೋಗ ಆಗಿದ್ರ ನಾ ಸೋಪಿನ ಅಂಗಡಿ ಇಡ್ತಿದ್ದೆ.'

ಗುಳಿಗೆಯ ಎರಡು ಕವರು ಕೊಟ್ಟರು. ಒಂದು ಅವಳಿಗೆ, ಒಂದು ಗಂಡನಿಗೆ. ಇಬ್ಬರೂ ಒಟ್ಟಿಗೇ ತೆಗೆದುಕೊಳ್ಳಬೇಕು. ಗಂಡನೂ ಬಂದು ಪರೀಕ್ಷೆ ಮಾಡಿಸಿಕೊಳ್ಳಬೇಕು. ವಾಸಿಯಾಯಿತು ಎಂದು ತಾನು ಹೇಳುವವರೆಗೆ ದೂರ ಇರಬೇಕು. ನಾನು ಪಕ್ಕದಲ್ಲೇ ಕೂತು ಇದನ್ನೆಲ್ಲ ಕೇಳಿಸಿಕೊಂಡೆ. ತಲೆಯನ್ನೂ ಆಡಿಸಿದೆ. ಆ ಎರಡನೇ ಕವರನ್ನು ಗಂಡನ ಕೈಗೆ ಕೊಡುವುದು ಹೇಗೆ ಎಂದು ಮಾತ್ರ ಕೇಳಲಿಲ್ಲ. ನನಗೆ ಯಾಕೆ ಹೊಳೆಯಲಿಲ್ಲ?

ಕೆಲವು ವಾರ ಕಳೆದವು. ಉರಿ ಮರಳಿ ಬಂತು. ಆಗ ಅವಳು ಹೇಳಿದ್ದೇ ಮೊದಲಿಗೆ ಬರೆದ ಆ ಗುಳಿಗೆಯ ಮಾತು.

'ಹುಚ್ಚಿ ಏನಲೇ ನೀನು? ಡಬಲ್ ನುಂಗೀಯಲ್ಲ!'

'ಮತ್ತೇನ್ ಮಾಡ್ಲಿ? ಕೊಟ್ರ, ಇದು ನಿನಗ ಎಲ್ಲಿಂದ ಬಂತು ಅಂತ ನನ್ನಾ ಕೇಳ್ತಾರ. ಸೋಮವಾರ ಅವರ ಹೆಸರಿಲೆ ನಾನು ಉಪಾಸ ಮಾಡಂಗಿಲ್ಲೇನು? ಹಂಗಾ ಇದೂ ಅವರಿಗೆ ಹತ್ತತತಿ ಅಂದ್ಕಂಡೆ.'

ಸಿಟ್ಟು ಬರುತ್ತದೋ ಇಲ್ಲವೋ? ಆಕೆ ದಡ್ಡಿಯಲ್ಲ. ಅಳತೆಯಲ್ಲಿ ಕಾಲು ಇಂಚು ತಪ್ಪದವಳು. ಗಂಡನ ಆಯುಷ್ಯಕ್ಕೆ ನೀನು ಹಸಿದುಕೊಂಡಿರು, ಗಂಡನ ಏಳಿಗೆಗೆ ನೀನು ಹರಕೆ ಹೊರು ಎಂದು ಹುಟ್ಟಿದಾಗಿನಿಂದ ಕಲಿಸಿದವರು ನಾವು. ಅವಳು ಆ ಪಾಠವನ್ನು ಗುಳಿಗೆಗೂ ಹಚ್ಚಿದಳು. ಅಷ್ಟೇ.

ಸೋಂಕು ಯಾರಿಂದ ಯಾರಿಗೆ ಬಂತು? ಪರೀಕ್ಷೆ ಅದನ್ನು ಹೇಳುವುದಿಲ್ಲ. ಮದುವೆಗೆ ಮುಂಚಿನದೂ ಇರಬಹುದು. ಎಷ್ಟೋ ಜನರಿಗೆ ಉರಿ, ನೋವು ಏನೂ ಇಲ್ಲದೆ ಸೋಂಕು ಒಳಗೇ ಕೂತಿರುತ್ತದೆ. ಆದರೆ ನಮ್ಮಲ್ಲಿ ಮೊದಲು ಬಾಯಿಬಿಟ್ಟವಳೇ ಅಪರಾಧಿ. ನರಳುವವಳೇ ಹೊಲಸು. ಬಿಳಿ ಅಂಗಿ ಹಾಕಿದವನು ಶುದ್ಧ!

ಗಂಡಸರೇ, ಇಷ್ಟಾದರೂ ಕೇಳಿಸಿಕೊಳ್ಳಿ. ಜಳಕ ಮಾಡಿ, ಬೇಡ ಅಂದವರು ಯಾರು? ಮುಂದೊಗಲು ಸರಿಸಿ ದಿನಾ ನೀರಲ್ಲಿ ತೊಳೆಯಿರಿ. (ಇದನ್ನು ನಿಮ್ಮ ಅಪ್ಪ ಹೇಳಬೇಕಿತ್ತು. ಹೇಳಿರಲಿಕ್ಕಿಲ್ಲ.) ಆದರೆ ಅದು ಬರೀ ಸ್ವಚ್ಛತೆ. ಸೋಂಕನ್ನು ತಡೆಯುವುದು ಕಾಂಡೋಮ್, ತಿಳಿಸುವುದು ಟೆಸ್ಟ್, ಕಳೆಯುವುದು ಪೂರ್ತಿ ಔಷಧಿ. ಮೆಡಿಕಲ್ ಶಾಪಿನಲ್ಲಿ ದನಿ ತಗ್ಗಿಸಿ 'ಉಷ್ಣದ್ದೊಂದು ಕೊಡ್ರಿ' ಎಂದು ಎರಡು ಗುಳಿಗೆ ಒಯ್ಯುವುದಲ್ಲ. ತಾಲ್ಲೂಕು ಆಸ್ಪತ್ರೆ ಅಲ್ಲೇ ಇದೆ. ನಿಮ್ಮೂರಿನದ್ದು ಬೇಡವಾದರೆ ಪಕ್ಕದ ಊರಿಗೆ ಹೋಗಿ. ಹಲ್ಲು ಎಂದೇ ಹೇಳಿ ಹೋಗಿ. ಹೋಗಿ ಅಷ್ಟೇ.

ಎರಡನೇ ಸಲ ಡಾಕ್ಟರಮ್ಮ ಬೈಯಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. 'ಇದು ಮ್ಯಾಲ ಗರ್ಭನಾಳಕ್ಕ ಏರಿದ್ರ ಮಗು ಆಗೋದು ಕಷ್ಟ ಆಗ್ತತವ್ವ' ಎಂದರು. ಮತ್ತೆ ಎರಡು ಕವರು. 'ನಾ ಬಂದು ಹೇಳ್ಲೇನು?' ಎಂದು ಕೇಳಿದೆ. ಮಂಜುಳಾ ಬೇಡವೆಂದಳು.

ಮರುದಿನ ಮಧ್ಯಾಹ್ನ ಗಂಡ ಊಟಕ್ಕೆ ಕೂತಾಗ ರೊಟ್ಟಿಯ ಪಕ್ಕದಲ್ಲಿ ಕವರು ಇಟ್ಟಳಂತೆ. (ಇಲ್ಲಿಂದ ಮುಂದಿನದು ಅವಳು ಹೇಳಿದ್ದು, ನಾನು ಕಂಡಿದ್ದಲ್ಲ.)

'ಇದು ನಿಮ್ಮ ಪಾಲಿಂದು. ಡಾಕ್ಟ್ರು ಕೊಟ್ಟಾರ.'

'ನನಗೇನಾಗೇತಲೇ? ಕಲ್ಲಿದ್ದಂಗ ಅದೀನಿ.'

'ಆಗಿಲ್ಲ ಅಂತ ಅಲ್ಲ, ನಿಮಗ ಗೊತ್ತಾಗಿಲ್ಲ. ನನಗ ಮಗು ಬೇಕು. ನುಂಗ್ರಿ. ಇಲ್ಲಾಂದ್ರ ನನ್ನ ಹಾಸಿಗಿ ಬ್ಯಾರೆ.'

ಅವನು ರೊಟ್ಟಿ ಮುಗಿಸಿದ. ಕೈ ತೊಳೆದ. ಕವರನ್ನು ಜೇಬಿಗೆ ಹಾಕಿಕೊಂಡು ತನ್ನ ಅಂಗಡಿಗೆ ಹೋದ. ಕೆಲವು ದಿನಗಳ ಮೇಲೆ ಅಂಗಿ ಒಗೆಯುವಾಗ ಗುಳಿಗೆಯ ಖಾಲಿ ಶೀಟು ಸಿಕ್ಕಿತು.

'ಹಂಗಾರ ನುಂಗ್ಯಾರ!' ಎಂದೆ ನಾನು.

ಮಂಜುಳಾ ಸೂಜಿಗೆ ದಾರ ಪೋಣಿಸುತ್ತಿದ್ದಳು. 'ಶೀಟು ಖಾಲಿ ಐತ್ರಿ ಅಕ್ಕಾ. ಹೊಟ್ಟಿಗೆ ಹೋಗ್ಯಾವೋ ಗಟಾರಕ್ಕ ಹೋಗ್ಯಾವೋ, ಯಾರಿಗ್ಗೊತ್ತು?'

ಅವನು ಇವತ್ತಿಗೂ ಟೆಸ್ಟ್ ಮಾಡಿಸಿಲ್ಲ, ಆದ್ದರಿಂದ ನನಗೂ ಗೊತ್ತಿಲ್ಲ.